ಒಂಬತ್ತು ಮಡಕೆ, ಮೂರು ತೂತು

ನಾವು ಊಟದ ಮನೆ ತೆರೆದ ಮೂರನೆಯ ದಿನ ಊರಿನವರೇ ನಮಗೆ ಊಟ ತಂದುಕೊಡಲು ಶುರುಮಾಡಿದರು. ಎರಡನೆಯ ದಿನವೇ ಅನ್ನುತ್ತಾಳೆ ತಂಗಿ. ಇಲ್ಲಿ ನಾನು ಮೂರು ಅಂತಲೇ ಬರೆಯುತ್ತೇನೆ. ಆದರೆ ನನ್ನ ನೆನಪನ್ನು ನಂಬಿ ಯಾರೂ ಪಂದ್ಯ ಕಟ್ಟಬೇಡಿ. ಅದು ಎಂಥ ನೆನಪು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಬಂದದ್ದು ಎದುರು ಸಾಲಿನ ಮನೆಯ ಹೆಂಗಸು. ಕೈಯಲ್ಲಿ ಸ್ಟೀಲಿನ ಪಾತ್ರೆ, ಅದರ ಮೇಲೆ ತಟ್ಟೆ. ಒಳಗೆ ಬಿಸಿ ಅನ್ನ, ಪಕ್ಕದಲ್ಲೊಂದು ಬಟ್ಟಲಿನಲ್ಲಿ ಬೇಳೆ ಸಾರು. ಹೊಸಿಲು ದಾಟಲಿಲ್ಲ. ಬಾಗಿಲಲ್ಲೇ ತಂಗಿಯ ಕೈ ಹಿಡಿದುಕೊಂಡು, "ಗಟ್ಟಿಯಾಗಿರವ್ವ. ಒಂದು ತುತ್ತಾದ್ರೂ ಉಣ್ಣು," ಅಂದು ಹೊರಟುಹೋದರು. ನಮ್ಮ ಅಡುಗೆಮನೆಯಲ್ಲಿ ಆಗ ಮೊಳಕೆ ಹುರುಳಿ ಸಾರು ಕುದಿಯುತ್ತಿತ್ತು, ಉಪ್ಸಾರು ಇಳಿಸಿಯಾಗಿತ್ತು, ಒಂದು ದೊಡ್ಡ ಪಾತ್ರೆ ತುಂಬ ಮಜ್ಜಿಗೆ ಇತ್ತು. ಉಣ್ಣುವವರು ಇರಲಿಲ್ಲ. ಇಬ್ಬರೂ ಆ ಅನ್ನವನ್ನು ನೋಡುತ್ತ ನಿಂತೆವು.

ಇದಕ್ಕಿಂತ ಹಿಂದಿನದನ್ನು ಹೇಳಬೇಕು. ಬೇಸಿಗೆ ಶುರುವಾಗುವ ಹೊತ್ತಿಗೆ ತಂಗಿ ಗಂಡನನ್ನು ಬಿಟ್ಟು ಬಂದಳು. ಅವನಿಗೆ ಜಲಪಾತದ ಪಕ್ಕದ ಬ್ಲಫ್ ಅನ್ನುವ ಊರಿನ ಪವರ್ ಹೌಸಿನಲ್ಲಿ ಕೆಲಸ. ಹೊಡೆಯುವವನಲ್ಲ, ಕುಡಿಯುವವನಲ್ಲ. "ಮತ್ತೇನು ಕಷ್ಟ?" ಅಂದರೆ, "ಮನೇಲಿ ಯಾರೂ ಮಾತಾಡ್ತಿರಲಿಲ್ಲ, ನಾನೂ ಸೇರಿ," ಅಂದಳು. ಅಷ್ಟೇ ಹೇಳಿದ್ದು. ಇನ್ನೇನೋ ಹೇಳಿದಳು ಅಂತ ನಾನು ಸೇರಿಸಿದರೆ ಅದು ನನ್ನ ಮಾತಾಗುತ್ತದೆ.

ಮದ್ದೂರಿನಲ್ಲಿರುವ ನಮ್ಮಣ್ಣನಿಗೆ ಮಳವಳ್ಳಿಯಲ್ಲೊಂದು ಮನೆ ಇದೆ. ಬಾಡಿಗೆಯವರು ಆಗಷ್ಟೇ ಖಾಲಿ ಮಾಡಿದ್ದರು. ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಅಡುಗೆಮನೆ, ಹಿತ್ತಲು. ಬೇಸಿಗೆಯಲ್ಲಿ ಜಲಪಾತ ನೋಡಲು ಹೋಗುವ ಕಾರುಗಳು ಅದೇ ರಸ್ತೆಯಲ್ಲಿ ಹಾಯುತ್ತವೆ. ತಂಗಿ ಅಲ್ಲಿ ಮಧ್ಯಾಹ್ನದ ಊಟದ ಮನೆ ನಡೆಸುತ್ತೇನೆ ಅಂದಳು. ಅಣ್ಣ ಬೇಡ ಅನ್ನಲಿಲ್ಲ. "ಮಳೆ ಹಿಡಿಯೋ ತನಕ ನೋಡು. ನಡೆದ್ರೆ ನಡೀತು. ಇಲ್ದಿದ್ರೆ ನಿನ್ನ ಮನೆಗೆ ನೀನು ಹೊರಡು," ಅಂದ. ಅವಳು ತಲೆಯಾಡಿಸಿದಳು. ಆ ಬೇಸಿಗೆಯಲ್ಲಿ ಅವಳ ಕೈಯಲ್ಲಿದ್ದದ್ದು ಅಷ್ಟೇ: ಮಳೆ ಹಿಡಿಯುವ ತನಕದ ದಿನಗಳು.

ಅಡುಗೆ ಅವಳದು. ಮನೆಯ ನೋಟ, ಅಲಂಕಾರ ನನ್ನದು ಅಂದೆ. ನಾನು ಮಂಡ್ಯದಲ್ಲಿದ್ದೆ. ಭಾನುವಾರ ಭಾನುವಾರ ಬಸ್ಸು ಹತ್ತಿ ಬರುತ್ತಿದ್ದೆ, ಆಮೇಲೆ ರಜೆ ಹಾಕಿ ಬಂದು ಅಲ್ಲೇ ಉಳಿದೆ. ಫೋನಿನಲ್ಲಿ ಬೆಂಗಳೂರಿನ ಅಂಗಡಿಗಳ ಚಿತ್ರ ನೋಡಿ ನೋಡಿ ನನಗೆ ಆ ವರ್ಷದ ಬೇಸಿಗೆಯ ಚೆಂದ ಏನು ಅಂತ ಬಾಯಿಪಾಠ ಆಗಿತ್ತು. ಮಣ್ಣು, ಬೆತ್ತ, ಸೆಣಬು, ಲಾವಂಚ, ಬಣ್ಣ ಹಾಕದ ಹತ್ತಿ ಬಟ್ಟೆ. ಎಲ್ಲ ನಮ್ಮ ಅಜ್ಜಿಯರ ಅಟ್ಟದ ಮೇಲಿದ್ದವೇ. ಈಗ ಅವೇ ಗಾಜಿನ ಹಿಂದೆ ದೀಪ ಹಾಕಿಸಿಕೊಂಡು ಕೂತಿದ್ದವು. ನಮ್ಮದನ್ನು ನಮ್ಮೂರಲ್ಲೇ ಇಟ್ಟರೆ ತಪ್ಪೇನು ಅನ್ನಿಸಿತು. ಕಿಟಕಿಗೆ ಲಾವಂಚದ ಪರದೆ ಬಂತು. ಗಂಟೆಗೊಮ್ಮೆ ನೀರು ಚಿಮುಕಿಸಿದರೆ ಇಡೀ ಪಡಸಾಲೆ ತಂಪು, ಒಳಗೆ ಅರೆಗತ್ತಲು. ಅದು ಚೆನ್ನಾಗಿತ್ತು. ಈಗಲೂ ಇದೆ. ಕೆಟ್ಟದ್ದು ಅದಲ್ಲ.

ಕೆಟ್ಟದ್ದು ಮಡಕೆ.

ನನ್ನ ತಲೆಯಲ್ಲಿ ಒಂದು ಚಿತ್ರವಿತ್ತು. ಮಂಡ್ಯದ ಹತ್ತಿರದ ಹೊಳಲಿನಲ್ಲಿ ತಾತನ ಹೊಲ. ನಾನು ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ, ಐದು ವರ್ಷ ಇರಬಹುದು. ಬಿಸಿಲು. ಯಾರೋ ಹೆಗಲ ಮೇಲೆ ಹೊಸ ಮಣ್ಣಿನ ಮಡಕೆ ಹೊತ್ತು ನಡೆಯುತ್ತಿದ್ದಾರೆ. ಮಡಕೆಯ ಮೂರು ತೂತುಗಳಿಂದ ಮೂರು ನೀರಿನ ಎಳೆಗಳು ಬಿಸಿಲಿನಲ್ಲಿ ಹೊಳೆಯುತ್ತ ಹಾರುತ್ತಿವೆ. ನನಗೆ ಬಾಯಾರಿಕೆ, ಖುಷಿ. ಇದನ್ನು ನಾನು ಬೇಸಿಗೆ ರಜೆ ಅನ್ನುವ ಹೆಸರಿನಲ್ಲಿ ಅಷ್ಟೂ ವರ್ಷ ಕಾಪಾಡಿಕೊಂಡು ಬಂದಿದ್ದೆ. ಗಿಡಗಳಿಗೆ ನೀರು ಬಿಡುವ ಹಳೆಯ ಕ್ರಮವಿರಬೇಕು ಅಂದುಕೊಂಡಿದ್ದೆ. ಹಾಗಾಗಿ, ಫೋನಿನಲ್ಲಿ ತೂತು ಮಾಡಿದ ಮಡಕೆಯೊಳಗೆ ಬಲ್ಬಿಟ್ಟು ತೂಗುಹಾಕಿದ್ದನ್ನು ನೋಡಿದಾಗ, "ಅರೆ, ಇದು ನಮ್ಮ ಹೊಳಲಿನ ಮಡಕೆ," ಅಂದುಬಿಟ್ಟೆ. ನೀರಿನ ಬದಲು ಬೆಳಕು ಚಿಮ್ಮುತ್ತದೆ, ಅಷ್ಟೇ ವ್ಯತ್ಯಾಸ.

ಮದ್ದೂರಿನಿಂದ ಮಳವಳ್ಳಿಗೆ ಬರುವ ದಾರಿಯಲ್ಲಿ ಒಂದು ಕುಂಬಾರರ ಮನೆಯಿದೆ. ಅಲ್ಲಿ ಇಳಿದೆ. ವಯಸ್ಸಾದ ಕುಂಬಾರ ತಿಗರಿ ನಿಲ್ಲಿಸಿ ಕೈ ಒರೆಸಿಕೊಂಡ.

"ತೂತಿನ ಮಡಕೆ ಬೇಕಾಗಿತ್ತು," ಅಂದೆ. "ಮೂರು ತೂತು. ಸುತ್ತ, ಸಮದೂರದಲ್ಲಿ."

"ತೂತು ನಾವ್ ಮಾಡಿಕೊಡಾಕಿಲ್ಲ ಕಣಮ್ಮ. ಅದು ಅಲ್ಲೇ ಮಾಡ್ಕೊಳೋದಲ್ವಾ?"

"ಅಲ್ಲಿ ಮಾಡಿದ್ರೆ ಸೀಳಿಹೋಗುತ್ತೆ. ನೀವೇ ಇಲ್ಲೇ ಜೋಪಾನವಾಗಿ ಕೊರೆದುಕೊಡಿ."

ಅವನು ಒಂದು ಮಡಕೆ ಎತ್ತಿ ತಂದ. "ಆಯ್ತು. ಒಂದೇ ತಾನೆ?"

"ಒಂಬತ್ತು."

"ಒಂಬತ್ತಾ?" ಅಂದ. ಮತ್ತೆ ದನಿ ತಗ್ಗಿಸಿ, "ಒಂದೇ ಮನೇಗಾ ಅವ್ವ?"

"ಹೂಂ, ಒಂದೇ ಮನೆಗೆ. ಎಲ್ಲ ಒಟ್ಟಿಗೆ ಬೇಕು."

"ಅಯ್ಯೋ ಸಿವನೆ," ಅಂದ ಅವನು. ದೊಡ್ಡ ಆರ್ಡರು ಸಿಕ್ಕ ಖುಷಿಗೆ ಹಾಗಂದ ಅಂದುಕೊಂಡೆ. ಚೌಕಾಸಿ ಮಾಡಲೇ ಇಲ್ಲ. ಅಲ್ಲೇ ಕೂತು ಎಲ್ಲಕ್ಕೂ ತೂತು ಕೊರೆದು, ಆಟೋದವರೆಗೂ ತಾನೇ ಹೊತ್ತುಕೊಂಡು ಬಂದು, ನಡುವೆ ಹುಲ್ಲಿಟ್ಟು ಜೋಡಿಸಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಟವೆಲ್ ಬಿಚ್ಚಿದ್ದು ನನಗೆ ನೆನಪಿದೆಯೋ, ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಆದರೆ ಹುಲ್ಲಿಟ್ಟಿದ್ದು ಖಂಡಿತ. ಒಂಬತ್ತನ್ನೂ ಒಳಗೆ ಬಲ್ಬಿಟ್ಟು ಪಡಸಾಲೆಯ ಸೂರಿಗೆ ತೂಗುಹಾಕಿಸಿದೆ.

ಸೀರೆಯೂ ನಾನೇ ಆರಿಸಿದ್ದು. ಬಿಳುಪು ಮಾಡದ ಕೋರಾ ಹತ್ತಿ, ಆರು ಸೀರೆ, ಒಂದಕ್ಕೂ ಅಂಚಿಲ್ಲ.

"ಒಂದು ಗೆರೆಯಾದ್ರೂ ಇರ್ಬೇಕಲ್ವೇನೇ ಅಕ್ಕ?" ಅಂದಳು ತಂಗಿ.

"ಗೆರೆ ಇಲ್ಲದಿರೋದೇ ಈಗ ಚೆಂದ. ಸೆಕೆಗೂ ಒಳ್ಳೇದು."

"ನಿಂಗೆ ಬೆಂಗಳೂರು ಹಿಡ್ಕೊಂಡದೆ ಕಣೇ," ಅಂದಳು, ಆದರೆ ಉಟ್ಟಳು. ಮುದ್ದೆ ತೊಳಸುವಾಗ ಬಳೆ ಪಾತ್ರೆಗೆ ಬಡಿಯುತ್ತದೆ ಅಂತ ಗಾಜಿನ ಬಳೆ ತೆಗೆಸಿದೆ. ಒಲೆಯ ಮುಂದೆ ಬೆವರಿಗೆ ಹಣೆಯ ಸ್ಟಿಕ್ಕರ್ ನಿಲ್ಲುತ್ತಿರಲಿಲ್ಲ, ಬಿಸಿ ತಾಗುತ್ತದೆ ಅಂತ ತಾಳಿ ಸರವನ್ನು ರವಿಕೆಯೊಳಗೆ ಸೇರಿಸಿಕೊಂಡಿದ್ದಳು. ಬೋರ್ಡು ಬೇಡ, ಒಂದು ಸ್ಲೇಟು ಸಾಕು ಅಂದೆ. ಮಾವಿನ ತೋರಣ ಬೇಡ, ಗೌಜಾಗುತ್ತದೆ ಅಂದೆ. ಬೇಸಿಗೆಯಲ್ಲಿ ಯಾರಿಗೂ ದೊಡ್ಡ ಮುದ್ದೆ ಇಳಿಯುವುದಿಲ್ಲ ಅಂತ ನಿಂಬೆಹಣ್ಣಿನಷ್ಟು ಪುಟ್ಟ ಪುಟ್ಟ ಮುದ್ದೆ ಮಾಡಿಸಿ, ದುಂಡಗೆ ಕತ್ತರಿಸಿದ ಬಾಳೆಲೆಯ ಮೇಲೆ ಮೂರು ಮೂರು ಇಡಿಸಿದೆ. ಫೋಟೋದಲ್ಲಿ ಬಹಳ ಚೆನ್ನಾಗಿ ಬಂತು.

ಅಕ್ಕಪಕ್ಕದವರಿಗೆ ತಂಗಿ ಏನೂ ಹೇಳಿರಲಿಲ್ಲ. ಹೊರಗೆ ನಿಂತರೆ ಗಂಡನ ಮಾತು ಬರುತ್ತದೆ ಅಂತ ಅವಳು ಬಾಗಿಲಿಗೇ ಬರುತ್ತಿರಲಿಲ್ಲ. ಹೀಗೆ ಒಂದು ದಿನ ಸದ್ದಿಲ್ಲದೆ ಹಾಲುಕ್ಕಿಸಿ ಊಟದ ಮನೆ ತೆರೆದೆವು.

ಮೊದಲ ದಿನ ಬೆಂಗಳೂರಿನ ಎರಡು ಕಾರುಗಳು ನಿಂತವು. ಮಡಕೆಗಳ ಕೆಳಗೆ ನಿಂತು ಫೋಟೋ ತೆಗೆದುಕೊಂಡರು, ಮುದ್ದೆಯ ಫೋಟೋ ತೆಗೆದುಕೊಂಡರು, ಮೆಲ್ಲಗೆ ಮಾತಾಡುತ್ತ ಉಂಡು ಹೋದರು. ಊರಿನವರು ಬರಲಿಲ್ಲ. ಬಂದರು ಅನ್ನಬೇಕು. ಬಾಗಿಲಿನ ತನಕ ಬರುತ್ತಿದ್ದರು. ಚಪ್ಪಲಿ ಅರ್ಧ ಬಿಟ್ಟು ತಲೆಯೆತ್ತಿ ಮೇಲೆ ನೋಡುತ್ತಿದ್ದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು. ಪಂಚಾಯ್ತಿ ಕಟ್ಟೆಯಂತೆ ಗಲಗಲ ಅನ್ನುತ್ತಿದ್ದ ಎದುರಿನ ಟೀ ಅಂಗಡಿಯಲ್ಲಿ ರೇಡಿಯೋ ಸಣ್ಣಗಾಗಿತ್ತು. ನಮ್ಮ ಮನೆಯ ನೋಟಕ್ಕೆ ಜನ ಮನಸೋತಿದ್ದಾರೆ ಅಂತ ನಾನು ಹೇಳಿದೆ. ತಂಗಿ ಮಿಕ್ಕ ಮುದ್ದೆ ಎಣಿಸುತ್ತಿದ್ದಳು.

ಆಮೇಲೆ ಆ ಅನ್ನದ ಪಾತ್ರೆ. ಮಾರನೆಯ ದಿನ ಹಿಂದಿನ ಬೀದಿಯಿಂದ ಚಿತ್ರಾನ್ನ. ಅದರ ಮಾರನೆಯ ದಿನ ಎರಡು ಮನೆಗಳಿಂದ, ಒಂದರಲ್ಲಿ ಗಂಜಿ. ಎಲ್ಲರೂ ಹೊಸಿಲ ಹೊರಗೇ ನಿಲ್ಲುವವರು, ಎಲ್ಲರದೂ ಸಣ್ಣ ದನಿ, ಎಲ್ಲರೂ ತಂಗಿಯ ಕೈ ಹಿಡಿಯುವವರು. ಅಡುಗೆಮನೆಯಲ್ಲಿ ಬೇರೆಯವರ ಪಾತ್ರೆಗಳು ಸಾಲುಗಟ್ಟಿದವು. ಏಳು ಅಂತ ನನ್ನ ಲೆಕ್ಕ. ತಂಗಿ ಐದು ಅನ್ನುತ್ತಾಳೆ.

ಆ ಮಧ್ಯಾಹ್ನ ಅವಳು ಉಳಿದ ಹುರುಳಿ ಸಾರನ್ನು ಹಿತ್ತಲಿಗೆ ಚೆಲ್ಲಿ ಬಂದು ಕೂತಳು.

"ಗೊತ್ತಾಯ್ತು ಬಿಡು ಅಕ್ಕ. ಗಂಡನ್ನ ಬಿಟ್ ಬಂದೋಳು ಅಂತ ಮರುಗ್ತಾವ್ರೆ. ಇಂಥವಳ ಕೈಲಿ ಉಣ್ಣಾಕೂ ಮನಸಿಲ್ಲ, ಉಪವಾಸ ಕೆಡವಾಕೂ ಮನಸಿಲ್ಲ."

"ಹಾಗೇನಿಲ್ಲ ಕಣೇ."

"ಮತ್ತೆ ಹೆಂಗೆ? ಹೋಟ್ಲಿಗೆ ಯಾರಾದ್ರೂ ಅನ್ನ ತಂದ್ಕೊಡ್ತಾರಾ?"

ಅವಳು ಎದ್ದು ಬ್ಯಾಗ್ ತೆಗೆದು ಬಟ್ಟೆ ಮಡಚಿಡತೊಡಗಿದಳು. ಮಳೆಗೆ ಕಾಯುವುದು ಬೇಡ, ನಾಳೆಯೇ ಅಣ್ಣನಿಗೆ ಫೋನ್ ಮಾಡಿ ಬ್ಲಫ್‌ಗೆ ಹೊರಡುತ್ತೇನೆ ಅಂದಳು. ತಡೆಯಬೇಕಿತ್ತು. ನಾನು ಮಾಡಿದ್ದು ಲಾವಂಚಕ್ಕೆ ನೀರು ಚಿಮುಕಿಸಿದ್ದು.

ಮಾರನೆಯ ಬೆಳಿಗ್ಗೆ ಹೊಳಲಿನಿಂದ ದೊಡ್ಡವ್ವ ಬಂದಳು. ನಮ್ಮಪ್ಪನ ಅಣ್ಣನ ಹೆಂಡತಿ. ಮಂಡ್ಯದಲ್ಲಿ ಬಸ್ಸು ಬದಲಾಯಿಸಿ, ಒಂದು ಚೀಲ ಸೊಪ್ಪು ಹೊತ್ತು, ಹೊಸ ಹೋಟೆಲು ನೋಡಲು ಬಂದಿದ್ದಳು. ಬಾಗಿಲಲ್ಲಿ ನಿಂತವಳು ಒಳಗೆ ಬರಲಿಲ್ಲ. ಮೇಲೆ ನೋಡಿದಳು. ಅಡುಗೆಮನೆಯಿಂದ ಬಂದ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೊಪ್ಪಿನ ಚೀಲ ಕೈಯಿಂದ ಜಾರಿತು.

"ಯಾವಾಗ ಓದ್ನೇ ನಿನ್ ಗಂಡ? ನಂಗೊಂದು ಮಾತು ಯೋಳ್ಬಾರ್ದಿತ್ತಾ?"

"ಎಲ್ಲಿಗೆ, ದೊಡ್ಡವ್ವ?" ಅಂದಳು ತಂಗಿ.

"ಎಲ್ಲಿಗೆ ಅಂತ ನನ್ನೇ ಕೇಳ್ತೀಯಲ್ಲೇ," ಅಂದು ದೊಡ್ಡವ್ವ ಹೊಸಿಲ ಮೇಲೆ ಕುಸಿದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅವಳಿಗೆ ನಿಜವಾಗಿ ಅಳು ಬಂದಿತ್ತು.

ಅವನು ಚೆನ್ನಾಗಿದ್ದಾನೆ, ಸಾವು ಗೀವು ಏನೂ ಆಗಿಲ್ಲ ಅಂತ ನಂಬಿಸಲು ಎರಡು ಲೋಟ ಮಜ್ಜಿಗೆ ಬೇಕಾಯಿತು. ಆಮೇಲೆ ಅವಳ ದುಃಖವೆಲ್ಲ ಸಿಟ್ಟಾಯಿತು.

"ಹಂಗಾದ್ರೆ ಬದುಕಿರೋನ ಮನೇಲಿ ಸಾವಿನ ಮಡಕೆ ಯಾಕ್ರೇ ಕಟ್ಟಿದ್ದೀರಿ? ಅದೂ ಒಂದಲ್ಲ ಎರಡಲ್ಲ. ಊರ್ಗೆ ಊರೇ ಸತ್ತಿದ್ರೂ ಇಷ್ಟು ಬೇಕಾಗಕಿಲ್ಲ."

"ಅದು ದೀಪ, ದೊಡ್ಡವ್ವ," ಅಂದೆ. "ನಮ್ಮ ತಾತನ ಹೊಲದಲ್ಲಿ ಗಿಡಕ್ಕೆ ನೀರು ಬಿಡ್ತಿದ್ದ ಮಡಕೆ. ನಾನೇ ನೋಡಿದ್ದೀನಿ. ಪಂಪ್‌ಸೆಟ್ ಕಟ್ಟೆ ಮೇಲೆ ಕೂತು."

ದೊಡ್ಡವ್ವ ಲೋಟ ಕೆಳಗಿಟ್ಟಳು. ಅವಳ ಸಿಟ್ಟು ಇಳಿದಿತ್ತು.

"ಗಿಡಕ್ಕಾ? ಕಟ್ಟೆ ಮ್ಯಾಲೆ ನಿನ್ನ ಕೂರ್ಸಿದ್ದು ನಾನೇ ಕಣೇ. ನಿಮ್ ತಾತನ್ನ ಮಣ್ ಮಾಡ್ತಿದ್ರು. ನಿಮ್ ದೊಡ್ಡಪ್ಪ ಮಡಕೆ ಒತ್ಕೊಂಡು ಮೂರು ಸುತ್ತು ಬಂದ್ರು. ಸುತ್ತಿಗೊಂದು ತೂತು ಒಡೆದ್ರು. ನೀನು ನೀರು ನೀರು ಅಂತ ಚಪ್ಪಾಳೆ ತಟ್ತಿದ್ದೆ. ನಾನು ನಿನ್ ಬಾಯಿ ಮುಚ್ದೆ."

ಅವಳು ಹೇಳಿದ ಮೇಲೆ ಆ ಚಿತ್ರದಲ್ಲಿ ತಾತನನ್ನು ಹುಡುಕಿದೆ. ಇಲ್ಲ. ಬಿಸಿಲಿದೆ, ಮೂರು ಎಳೆ ನೀರಿದೆ, ಖುಷಿಯಿದೆ. ಗುಂಡಿ ಇಲ್ಲ, ಜನ ಇಲ್ಲ, ಅಳು ಇಲ್ಲ. ಯಾರು ಯಾವಾಗ ಇಷ್ಟು ಅಚ್ಚುಕಟ್ಟಾಗಿ ಗುಡಿಸಿ ತೆಗೆದರೋ. ನಾನೇ ಇರಬೇಕು. ಅಚ್ಚುಕಟ್ಟಾದ ನೆನಪು ಕಂಡರೆ ಈಗ ನನಗೆ ಭಯ. ಅದರಿಂದ ಏನೋ ಒಂದನ್ನು ಹೊರಗೆ ಹೊತ್ತು ಹಾಕಿರುತ್ತಾರೆ.

ದೊಡ್ಡವ್ವ ಸುಮ್ಮನಿರಲಿಲ್ಲ. ತಂಗಿಯ ಸೆರಗು ಎತ್ತಿ ಹಿಡಿದಳು. "ಕೋರಾ ಬಟ್ಟೆ. ಬಳೆ ಇಲ್ಲ, ಕುಂಕುಮ ಇಲ್ಲ. ಬಾಗ್ಲಿಗೆ ತೋರಣ ಇಲ್ಲ." ಅಡುಗೆಮನೆಗೆ ಹೋದವಳು ಎಲೆಯ ಮೇಲೆ ನಾನು ಜೋಡಿಸಿಟ್ಟಿದ್ದ ಮೂರು ಪುಟ್ಟ ಮುದ್ದೆಗಳನ್ನು ಕಂಡು ಅಲ್ಲೇ ನಿಂತಳು. "ಪಿಂಡಾನೂ ಇಕ್ಕಿದ್ದೀರಲ್ಲೇ. ಏನೂ ಕಮ್ಮಿ ಮಾಡಿಲ್ಲ." ಅಷ್ಟಂದವಳಿಗೆ ನಗು ಬಂತು. ಕೆಮ್ಮು ಬರುವ ತನಕ ನಕ್ಕಳು. "ಒಂದ್ ಕೆಲ್ಸ ಮಾಡಿ. ಇಷ್ಟು ಮಾಡಿದ್ ಮ್ಯಾಲೆ ತಿಥಿ ಊಟಾನೂ ಹಾಕ್ಬುಡಿ. ಜನ ಕರೀದೇನೆ ಬತ್ತಾರೆ."

ಅಷ್ಟರಲ್ಲಿ ತಂಗಿ ಬೇರೊಂದನ್ನು ಯೋಚಿಸುತ್ತಿದ್ದಳು.

"ಹಂಗಾದ್ರೆ," ಅಂದಳು ನಿಧಾನವಾಗಿ, "ಅನ್ನ ತಂದುಕೊಟ್ಟೋರೆಲ್ಲ, ಅವ್ರು ತೀರ್ಕೊಂಡ್ರು ಅಂತ ತಂದಿದ್ದಾ?"

"ಮತ್ತಿನ್ಯಾಕೆ? ಸಾವಾದ ಮನೇಲಿ ಒಲೆ ಅಚ್ಚಕಿಲ್ಲ. ಅಕ್ಕಪಕ್ಕದೋರು ತಂದಿಕ್ತಾರೆ. ಸೂತ್ಕದ ಮನೇಲಿ ಯಾರಾದ್ರೂ ಉಣ್ಣಾಕೆ ಕುಂತ್ಕೊಂತಾರಾ? ಕಾರಲ್ಲಿ ಬಂದೋರ್ನ ನೆಂಟ್ರು ಅಂದ್ಕೊಂಡಿರ್ತಾರೆ."

"ನಾನು ಬಿಟ್ ಬಂದಿರೋದು?"

"ಅದ್ಯಾರಿಗ್ ಗೊತ್ತು? ಗೊತ್ತಾದ್ರೂ ಏನು? ಊಟ ಚೆನ್ನಾಗಿದ್ರೆ ಉಣ್ತಾರೆ, ಬುಡು."

ತಂಗಿ ಗೋಡೆಗೆ ಒರಗಿದಳು. ಆಮೇಲೆ ಅವಳೂ ನಗತೊಡಗಿದಳು. ಯಾರೂ ಅವಳನ್ನು ತೂಗಿ ನೋಡಿರಲಿಲ್ಲ. ಸತ್ತವನ ಹೆಂಡತಿ ಹಸಿದಿದ್ದಾಳೆ ಅಂತ ಅನ್ನ ತಂದಿದ್ದರು, ಅಷ್ಟೇ.

ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳಬೇಕು ಅಂತ ಗಂಡನಿಗೆ ಫೋನ್ ಮಾಡಿದಳು. ಎರಡು ತಿಂಗಳಲ್ಲಿ ಮೊದಲ ಸಲ. ನಡೆದದ್ದನ್ನೆಲ್ಲ ಹೇಳಿದಳು. ಅವನು ಏನಂದ ಅಂತ ಆಮೇಲೆ ಕೇಳಿದೆ.

"ನಿನ್ನೆ ನಮ್ಮನ್ನ ಬಲ್ಲ ಮಳವಳ್ಳಿಯೋನೊಬ್ಬ ಕ್ಯಾಂಟೀನಿನಲ್ಲಿ ನನ್ನ ಕಂಡು ಟೀ ಚೆಲ್ಲಿಕೊಂಡ, ಈಗ ಅರ್ಥ ಆಯ್ತು ಅಂದ್ರು."

"ಇನ್ನೇನಂದ?"

"ಮುದ್ದೆ ದೊಡ್ಡದು ಮಾಡು ಅಂದ್ರು. ಆಮೇಲೆ ನಡೆಸ್ಕೋ ಅಂದ್ರು." ಫೋನನ್ನು ಸೆರಗಿಗೆ ಒರೆಸುತ್ತ, "ಒಂದೇ ಸಲಕ್ಕೆ ಇಷ್ಟು ಮಾತಾಡಿ ಎಷ್ಟು ವರ್ಷ ಆಗಿತ್ತೋ," ಅಂದಳು. ವಾಪಸ್ ಹೋಗುವ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲವಂತೆ.

ಮಡಕೆಗಳನ್ನು ಇಳಿಸಿ ಹಿತ್ತಲಿಗೆ ಹೊತ್ತೆ. ಬೆನ್ನು ಮಾಡಿ ನಿಂತು ಹಿಂದಕ್ಕೆ ಹಾಕು, ತಿರುಗಿ ನೋಡಬೇಡ ಅಂದಳು ದೊಡ್ಡವ್ವ. ಒಂದೊಂದಾಗಿ ಹೆಗಲ ಮೇಲಿಂದ ಹಾಕಿದೆ. ಒಂಬತ್ತನೆಯದಕ್ಕೆ ತಿರುಗಿ ನೋಡಿದೆ. ಚೂರುಗಳಿದ್ದವು, ಬಿಸಿಲಿತ್ತು.

ಇನ್ನು ಉಳಿದದ್ದು ಊರಿಗೆ ಹೇಳುವುದು. ಸತ್ತಿಲ್ಲ ಅಂತ ಬೋರ್ಡು ಬರೆಸಲಾಗುತ್ತದೆಯೇ? ಅದಕ್ಕೂ ದಾರಿ ತೋರಿಸಿದವಳು ದೊಡ್ಡವ್ವನೇ. ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು. ತಂಗಿ ಕೆಂಪಂಚಿನ ಹಸಿರು ಸೀರೆ ಉಟ್ಟಳು, ಎರಡೂ ಕೈಗೆ ಗಾಜಿನ ಬಳೆ ತೊಟ್ಟಳು, ದೊಡ್ಡವ್ವ ಕಾಸಗಲ ಕುಂಕುಮ ಇಟ್ಟಳು. ಪಾತ್ರೆಗೊಂದು ಕೈತುಂಬ ಮುದ್ದೆ, ಬಟ್ಟಲಿಗೆ ಹುರುಳಿ ಸಾರು. ತಾನೇ ಮನೆ ಮನೆಗೆ ಹೊತ್ತಳು. ನಾನು ಹಿಂದಿನಿಂದ ನಡೆದೆ.

ಎದುರು ಸಾಲಿನ ಹೆಂಗಸು ಬಾಗಿಲು ತೆಗೆದು ಬಳೆ ನೋಡಿದರು, ಹಣೆ ನೋಡಿದರು.

"ನಮ್ಮನೆಯವ್ರು ಚೆನ್ನಾಗವ್ರೆ ಅಕ್ಕ," ಅಂದಳು ತಂಗಿ. "ಬ್ಲಫ್‌ನಲ್ಲವ್ರೆ. ನಾನಿಲ್ಲಿ ಹೋಟ್ಲು ಮಾಡಿದ್ದೀನಿ. ಆ ಮಡಕೆ ನಮ್ಮಕ್ಕನ ಶೋಕಿ."

ಆಕೆ ಪಾತ್ರೆಯ ಮುಚ್ಚಳ ತೆಗೆದು ಸಾರಿನ ವಾಸನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಾ ಓದಿರೋರು?" ಅಂದರು.

ಮಾರನೆಯ ದಿನ ಮಧ್ಯಾಹ್ನ ಟೀ ಅಂಗಡಿಯವನು ಮೊದಲು ಬಂದ. ಅವನ ಹಿಂದೆ ನಾಲ್ಕು ಜನ. ಬೆತ್ತದ ಕುರ್ಚಿ ಸಾಲದೆ ಬಾಡಿಗೆ ಬೆಂಚು ತರಿಸಿದೆವು. ಲಾವಂಚದ ತಂಪಿಗೆ ಉಂಡಾದ ಮೇಲೂ ಏಳುತ್ತಿರಲಿಲ್ಲ. ತಮ್ಮ ಸಾವಿಗೂ ಇಲ್ಲೇ ಊಟ ಹಾಕಿಸಬೇಕು ಅಂತ ಯಾರೋ ಒಬ್ಬ ಮುದುಕರು ಹೇಳಿ ಎಲ್ಲರನ್ನೂ ನಗಿಸಿದರು.

ಮಳೆ ಹಿಡಿಯಿತು. ಆ ವಾರವೇ ಅಣ್ಣ ಮದ್ದೂರಿನಿಂದ ಬಂದ. ಹೇಳದೆ ಬಂದು, ಜನರ ನಡುವೆ ಬೆಂಚಿನಲ್ಲಿ ಕೂತ. ತಂಗಿ ಅವನ ಮುಂದೆ ಎಲೆ ಹಾಕಿದಳು. ಅವನು ಉಂಡ. ಅವನು ಮುದ್ದೆ ಮುಗಿಸುವ ತನಕ ಅವಳು ಸೌಟು ಕೆಳಗಿಡದೆ ನಿಂತಿದ್ದನ್ನು ನಾನು ನೋಡಿದೆ. ಇದು ಮಾತ್ರ ನಾನು ಸೇರಿಸಿದ್ದಲ್ಲ.

"ಇನ್ನರ್ಧ ಮುದ್ದೆ ಇಕ್ಕು," ಅಂದ ಅಣ್ಣ. ಅವಳು ಇಟ್ಟಳು. ಅವನು ತಲೆಯೆತ್ತಿ, ಮಡಕೆ ಕಟ್ಟಲು ನಾನು ಹೊಡೆಸಿದ್ದ ಒಂಬತ್ತು ಕೊಕ್ಕೆಗಳನ್ನು ಎಣಿಸುವವನಂತೆ ನೋಡಿದ.

"ಇವೆಲ್ಲ ಯಾಕೆ ಸುಮ್ನೆ ನೇತಾಡ್ತಾವೆ?" ಅಂದ. "ಒಂದೆರಡಕ್ಕೆ ಫ್ಯಾನ್ ಹಾಕ್ಸೋಣ. ಬರೋ ಬೇಸಿಗೇಲಿ ಜನ ಜಾಸ್ತಿ ಆದ್ರೆ ಈ ಹುಲ್ಲಿನ ಪರದೆ ಸಾಲಕಿಲ್ಲ."

ತಂಗಿ, "ಹೂಂ," ಅಂದು ಸಾರು ತರಲು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅಣ್ಣ ಬರಿಯ ಮುದ್ದೆ ಮುರಿಯುತ್ತ ಕಾದು ಕೂತ.